ಮರುಪಾವತಿ ಮತ್ತು ಮಹಾಮಾಯಾ ಮೇಡಂ

ಒಂದು ಊಟದ ಖರ್ಚು ಯಾರದೆಂಬ ಪ್ರಶ್ನೆ ಬೀದರಿನ ನಮ್ಮ ಕಾಲೇಜನ್ನು ಎಂಥ ಗಂಡಾಂತರಕ್ಕೆ ಒಡ್ಡಿತ್ತೆಂಬುದನ್ನು ದಾಖಲಿಸದೆ ಪ್ರೊ. ಮಹಾಮಾಯಾ ಅವರ ನಿವೃತ್ತಿಯನ್ನು ಅಭಿನಂದಿಸುವುದು ತರವಲ್ಲ. ಆಡಳಿತ ಕನ್ನಡದ ಕ್ಷೇತ್ರದಲ್ಲಿ ಅವರದು ಹಿರಿಯ ಹೆಸರು. ಮೆಹಕರದಲ್ಲಿ ಹುಟ್ಟಿ ಭಾಲ್ಕಿಯಲ್ಲಿ ಅಧ್ಯಾಪಕಿಯಾಗಿ ಸೇರಿದಂದಿನಿಂದಲೇ ಅವರು ಕಚೇರಿಯ ಪದಗಳನ್ನು ಪದ್ಯಗಳಷ್ಟೇ ಅಕ್ಕರೆಯಿಂದ ಬಿಡಿಸಿ ಹೇಳುತ್ತಿದ್ದರು. ‘ಮರುಪಾವತಿ’ ಎಂದರೆ ಕಚೇರಿಯ ಕೆಲಸಕ್ಕಾಗಿ ನಮ್ಮ ಕಿಸೆಯಿಂದ ಹೋದದ್ದು ನಮ್ಮ ಕಿಸೆಗೇ ತಿರುಗಿ ಬರುವುದು. ಹೋಗದೆ ಇದ್ದದ್ದು ಬಂದರೆ ಅದಕ್ಕೆ ಬೇರೆ ಹೆಸರಿದೆ ಎನ್ನುತ್ತಿದ್ದರು. ಆ ಹೆಸರನ್ನು ಅವರು ಹೇಳಿದ್ದಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೂ ಕೇಳಿದ್ದೂ ಇಲ್ಲ.

ಬೀದರಿಗೆ ಬಂದ ಮೇಲೆ, ಪರೀಕ್ಷೆಯ ಕೆಲಸಕ್ಕೆಂದು ಗುಮಾಸ್ತ ಕುತುಬೋದ್ದೀನರ ಜೊತೆ ಔರಾದ ಕಡೆಯ ಠಾಣಾ ಕುಶನೂರಿಗೆ ದಿನಾಲೂ ಹೋಗಬೇಕಾಯಿತು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಬಿಟ್ಟಿ. ಊಟಕ್ಕೆ ಕೊಡಹೋದರೆ ಖಾನಾವಳಿಯ ಗಲ್ಲಾಪೆಟ್ಟಿಗೆಗೆ ಕುತುಬೋದ್ದೀನರು ಅಡ್ಡ ನಿಲ್ಲುತ್ತಿದ್ದರು. ಕುಶನೂರು ಅವರ ಹುಟ್ಟೂರು.

“ನಮ್ಮೂರಿಗಿ ಬಂದೀರಿ ಮೇಡಂ, ನಿಮ್ಮ ರೊಕ್ಕ ಇಲ್ಲಿ ನಡ್ಯಾಂಗಿಲ್ರಿ.”

ಹೀಗಾಗಿ ಮೇಡಂ ತಮ್ಮ ಪ್ರಯಾಣದ ಬಿಲ್ಲಿನಲ್ಲಿ ಸೊನ್ನೆ ಬರೆದು ಕೊಟ್ಟರು. ಲೆಕ್ಕ ವಿಭಾಗದ ಕೈಲಾಶರು ತಮ್ಮ ಸೇವಾವಧಿಯಲ್ಲಿ ಅಂಥದೊಂದು ಬಿಲ್ಲನ್ನು ಕಂಡವರಲ್ಲ. ಅವರ ಸಂಶಯ, ತಮ್ಮ ಟಿಕೆಟ್ಟು ಮತ್ತು ತಮ್ಮೊಬ್ಬರ ಊಟದ ಬಿಲ್ಲು ಕೊಟ್ಟಿದ್ದ ಕುತುಬೋದ್ದೀನರ ಮೇಲೆ ಬಿತ್ತು.

“ಇಬ್ಬರೂ ಕೂಡೇ ಹೋಗೀರಿ. ಟಿಕೆಟಿಂದು ಬಿಡ್ರಿ. ಮೇಡಂಗ ಹಸಿವಿ ಆಗಲಿಲ್ಲ, ನಿಮಗೊಬ್ಬರಿಗೇ ಆತೇನು?”

ಬಿಲ್ಲು ಅಲ್ಲೇ ನಿಂತಿತು. ಮಗಳು ರುಖ್ಸಾರಳ ಕಾಲೇಜು ಫೀಸಿಗೆ ಅದೇ ಹಣವನ್ನು ನೆಚ್ಚಿದ್ದ ಕುತುಬೋದ್ದೀನರ ಮುಖ ಇಳಿಯಿತು. ಕೈಲಾಶರಿಗೂ ಪಾಪ ಅನ್ನಿಸಿತು.

“ನೀವೂ ಏನರ ಒಂದು ಬರೀರಿ ಮೇಡಂ, ಇಬ್ಬರದೂ ಪಾಸ್ ಮಾಡ್ತೇನಿ.”

“ಉಂಡೀನಿ ಅಂತ ಬರೀತೇನಿ. ಕೊಟ್ಟೀನಿ ಅಂತ ಬರ್ಯಾಂಗಿಲ್ರಿ.”

ಹಾಗಾದರೆ ತಮ್ಮ ಊಟವನ್ನೂ ನಿಮ್ಮ ಬಿಲ್ಲಿಗೇ ಸೇರಿಸಿರೆಂದು ಮೇಡಂ ಕುತುಬೋದ್ದೀನರನ್ನು ಕೇಳಿಕೊಂಡರು. ಅವರು ಕುರ್ಚಿ ಬಿಟ್ಟೆದ್ದರು.

“ಮಂದೀಗಿ ಉಣಿಸಿ ಸರ್ಕಾರಕ್ಕ ಬಿಲ್ ಹಚ್ಚಲೇನ್ರಿ? ನಮ್ಮ ಅಮ್ಮೀ ಮನ್ಯಾಗ ಕಾಲಿಡಗೊಡಾಂಗಿಲ್ಲ.”

ಕೊನೆಗೆ ಮೇಡಂ ಸೊನ್ನೆಯ ಕೆಳಗೆ ದುಂಡಗೆ ಬರೆದರು: “ಇಬ್ಬರೂ ಉಂಡದ್ದು ನಿಜ. ಹಣ ಕೊಟ್ಟವರು ಕುತುಬೋದ್ದೀನರು. ನಾನು ಕೊಡಲು ಹೋದರೆ ಬಿಡಲಿಲ್ಲ.” ಸಾಕ್ಷಿಗೆಂದು ಮತ್ತೆ ಬಿಟ್ಟಿ ಬಸ್ಸು ಹತ್ತಿ ಕುಶನೂರಿಗೆ ಹೋಗಿ, ಖಾನಾವಳಿಯ ಒಡತಿ ಸಿದ್ದೇಶ್ವರಿಯವರ ಸಹಿ ತಂದರು. ಆಕೆ ಸಹಿಯ ಪಕ್ಕದಲ್ಲಿ “ದಿನಾ ಜಗಳಾಡ್ಯಾರ” ಎಂದು ತಾವಾಗಿಯೇ ಸೇರಿಸಿದ್ದರು. ಕೈಲಾಶರು ಅದನ್ನೋದಿ ಪೆನ್ನು ತೆಗೆದರು.

ಮಹಾಮಾಯಾ ಮೇಡಂ ನೂರ್ಕಾಲ ಬಾಳಲಿ. ಅರ್ಧಕ್ಕೆ ನಿಂತಿರುವ ಅವರ ಕಚೇರಿ ಪದಕೋಶ ಈ ಬಿಡುವಿನಲ್ಲಿ ಮುಗಿಯಲಿ. ಕುತುಬೋದ್ದೀನರ ಬಿಲ್ಲು ಪಾಸಾಯಿತು. ರುಖ್ಸಾರ ಕಾಲೇಜು ಸೇರಿದಳು. ಮೇಡಂ ಉಂಡ ಊಟದ ಹಣವನ್ನು ಯಾರೂ ಯಾರಿಗೂ ಕೊಡಲಿಲ್ಲ.