ಆಲದ ಪೊಟರೆಯೊಳಗಿನ ಕೊಕ್ಕು

ಹತ್ತಿ ಬಿಡಿಸಿಕೊಂಡು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದೆ. ಮರುದಿನ ವಟಪೌರ್ಣಿಮೆ. ಅಷ್ಟರಲ್ಲಿ ಕೆಳಗಿನ ಮನೆಯಾಕೆ ಮೆಟ್ಟಿಲ ಬುಡದಿಂದಲೇ ಕೂಗಿದಳು. ಆಕೆ ಅಥಣಿ ಕಡೆಯವಳು. ಈ ಮರಾಠಿ ಊರಿನ ಸದಾಶಿವ ಪೇಠೆಯ ನಮ್ಮ ಕಟ್ಟಡದಲ್ಲಿ ಕನ್ನಡದಲ್ಲಿ ಜಗಳಾಡಲು ನನಗೆ ಸಿಕ್ಕಿರುವ ಒಬ್ಬಳೇ ಗೆಳತಿ. ಅದೂ ದೇವರ ದಯೆಯೇ.

"ಅಕ್ಕಾರ, ಲಗೂನ ಬರ್ರಿ! ಆಲದ ಗಿಡದಾಗ ಹಕ್ಕಿ ಸಿಕ್ಕೊಂಡದ. ಯಾವನೋ ಪೊಟರಿ ಬಾಯಿಗೆ ಮಣ್ಣು ಮೆತ್ತ್ಯಾನ. ಬರೇ ಕೊಕ್ಕಿನ ತುದಿ ಹೊರಗದ!"

ನಮ್ಮ ಕಟ್ಟಡದ ಹಿಂದೆ ಹಳೆಯ ವಾಡೆಯೊಂದರ, ಅಂದರೆ ದೊಡ್ಡ ತೊಟ್ಟಿಮನೆಯ, ಅಂಗಳವಿದೆ. ಅಲ್ಲೊಂದು ಆಲದ ಮರ, ಅದಕ್ಕೆ ಕಟ್ಟೆ, ಪಕ್ಕದಲ್ಲಿ ಮಾರುತಿಯ ಪುಟ್ಟ ಗುಡಿ. ವಟಪೌರ್ಣಿಮೆಯ ದಿನ ಸುತ್ತಲಿನ ಮನೆಗಳ ಹೆಂಗಸರೆಲ್ಲ ಉಪವಾಸವಿದ್ದು, ಗಂಡನ ಆಯುಷ್ಯಕ್ಕಾಗಿ ಆ ಮರಕ್ಕೆ ದಾರ ಸುತ್ತುತ್ತೇವೆ. ಹಿಂದಿನ ದಿನ ನಿಂತು ಕಟ್ಟೆ ತೊಳೆಸುವುದು ವಾಡೆಯ ಹಿರಿಯ ಮರಾಠಿ ಹೆಂಗಸಿನ ಕೆಲಸ. ಎಲ್ಲರಿಗೂ ಅವರು ಕಾಕೂ, ಚಿಕ್ಕಮ್ಮನಿದ್ದಂತೆ. ಹಕ್ಕಿಯನ್ನು ಮೊದಲು ಕಂಡವರೂ ಅವರೇ.

ನಾನು ಇಳಿದು ಹೋಗುವಷ್ಟರಲ್ಲಿ ಕಾಕೂ ವಾಚ್‌ಮನ್‌ನನ್ನು ಏಣಿಗೂ ಹಾರೆಗೂ ಅಟ್ಟಿಯಾಗಿತ್ತು.

"ಒಳಗೊಂದು ಜೀವ ಉಸಿರುಗಟ್ಟಿ ಸಾಯ್ತಿರುವಾಗ ನಾಳೆ ಯಾವ ಮುಖ ಇಟ್ಟುಕೊಂಡು ಈ ಮರಕ್ಕೆ ದಾರ ಸುತ್ತೋದು? ಒಡೆದುಬಿಡಲಿ," ಎಂದು ಮರಾಠಿಯಲ್ಲಿ ಹೇಳಿದರು. ಕಣ್ಣಲ್ಲಿ ನೀರೇ ಬಂದಿತ್ತು.

ತಲೆಯೆತ್ತಿ ನೋಡಿದೆ. ಮೊದಲ ಮಹಡಿಯಷ್ಟು ಎತ್ತರದಲ್ಲಿ ಪೊಟರೆ. ಅದರ ಬಾಯಿ ಗಟ್ಟಿಯಾಗಿ ಮುಚ್ಚಿತ್ತು, ನಡುವೆ ಬೆರಳು ತೂರುವಷ್ಟು ಸೀಳು. ಅದರಲ್ಲಿ ಕೊಕ್ಕಿನ ತುದಿ ಕಾಣಿಸಿತು, ಹಿಂದೆ ಸರಿಯಿತು, ಮತ್ತೆ ಬಂತು. ಒದ್ದಾಟವಿಲ್ಲ, ಕೂಗಿಲ್ಲ. ಸಿಕ್ಕಿಕೊಂಡ ಜೀವ ಇಷ್ಟು ಸಮಾಧಾನವಾಗಿ ಇರುತ್ತದೆಯೇ? ಕೆಳಗೆ ನೋಡಿದರೆ, ಆಗತಾನೆ ತೊಳೆದ ಕಟ್ಟೆಯ ಮೇಲೆ ಬಿಳಿ ಹಿಕ್ಕೆ, ಹಣ್ಣಿನ ಬೀಜ. ಕಾಂಡದ ಮೇಲೂ ಸೀಳಿನಿಂದ ಕೆಳಕ್ಕೆ ಹಳೆಯ ಕಲೆ ಇಳಿದಿತ್ತು. ಹಾಗಾದರೆ ಒಳಗಿರುವುದು ಬಹಳ ದಿನದಿಂದ ತಿನ್ನುತ್ತಲೇ ಇದೆ. ಕೊಡುವವರು ಯಾರು?

"ಸ್ವಲ್ಪ ತಡೀರಿ ಕಾಕೂ," ಎಂದೆ.

"ತಡೆದು, ಅದು ಸತ್ತರೆ?"

ನಿಜವಾಗಿ ಸಿಕ್ಕಿಕೊಂಡಿದ್ದರೆ ತಡಮಾಡಿದ ಪಾಪ ನನ್ನದು. ಅದು ಅದರ ಮನೆಯೇ ಆಗಿದ್ದರೆ, ಹಾರೆಯ ಒಂದು ಪೆಟ್ಟಿಗೆ ಎಲ್ಲ ಮುಗಿಯುತ್ತದೆ. ಕೆಳಗೆ ಜನ ಸೇರಿರುವಾಗ ಉಣಿಸುವ ಹಕ್ಕಿ ಹತ್ತಿರ ಬರುವುದೂ ಇಲ್ಲ. ಎಲ್ಲರೂ ದೂರ ಸರಿಯಲಿ, ನಮ್ಮ ಮೆಟ್ಟಿಲ ಕಿಟಕಿಯಿಂದ ನಾನೊಬ್ಬಳೇ ನೋಡುತ್ತೇನೆ ಎಂದು ಕೇಳಿಕೊಂಡೆ.

"ಮಾರುತಿಗೆ ನನ್ನ ಪ್ರದಕ್ಷಿಣೆ ಮುಗಿಯೋವರೆಗೆ. ಆಮೇಲೆ ಒಡೆಸ್ತೀನಿ," ಎಂದರು ಕಾಕೂ. ಮಂಡಿನೋವಿನಿಂದ ಅವರ ಪ್ರದಕ್ಷಿಣೆ ಬಲು ನಿಧಾನ. ಅದನ್ನೂ ಆ ಹೊತ್ತಿಗೆ ದೇವರ ದಯೆ ಎಂದೇ ಎಣಿಸಿಕೊಂಡೆ, ಮಾರುತಿ ಕ್ಷಮಿಸಲಿ.

ಮೇಲೆ ಓಡಿ ಅಲಮಾರು ತೆರೆದೆ. ಯಜಮಾನರು ನಿವೃತ್ತರಾದಾಗ ಆಫೀಸಿನವರು ಕೊಟ್ಟ ಕ್ಯಾಮರಾ ರೇಷ್ಮೆ ಸೀರೆಗಳ ಕೆಳಗಿತ್ತು. ಪಂಢರಪುರಕ್ಕೆ ಒಮ್ಮೆ ಹೋಗಿಬಂದದ್ದು ಬಿಟ್ಟರೆ ಅದು ಹೊರಗೆ ಬಂದಿದ್ದಿಲ್ಲ. ಆದರೂ ಇವರು ತಿಂಗಳಿಗೊಮ್ಮೆ ತಪ್ಪದೆ ಅದನ್ನು ಚಾರ್ಜಿಗೆ ಹಾಕಿ, ಒರೆಸಿ, ಮತ್ತೆ ಮಲಗಿಸುತ್ತಿದ್ದರು. ಆ ಶಿಸ್ತಿಗೆ ಎಷ್ಟು ಸಲ ನಕ್ಕಿದ್ದೇನೋ. ಅವತ್ತು ಕೈಮುಗಿದೆ.

ಕ್ಯಾಮರಾ ನನಗೆ ಹೊಸದೇನಲ್ಲ. ಗದಗಿನಲ್ಲಿ ನಮ್ಮ ಕಾಕಾನ ಸ್ಟುಡಿಯೋ ಇತ್ತು. ಮದುವೆ ಫೋಟೋ ತೆಗೆದು ಬಂದಾಗ ರೋಲಿನಲ್ಲಿ ಎರಡು ಮೂರು ಫೋಟೋ ಉಳಿದಿರುತ್ತಿದ್ದವು. ಅವು ಮುಗಿಯದೆ ರೋಲು ತೊಳೆಯುವಂತಿಲ್ಲ. "ಉಳಿದದ್ದು ನೀ ಹೊಡಿಯವಾ," ಎಂದು ಕಾಕಾ ಕ್ಯಾಮರಾವನ್ನು ನನ್ನ ಕೊರಳಿಗೆ ಹಾಕುತ್ತಿದ್ದ. ಬಾವಿಯ ಹಗ್ಗದ ಮೇಲೆ ಕೂತ ಮಿಂಚುಳ್ಳಿ, ಬೇಲಿಯ ಓತಿಕ್ಯಾತ, ಕನ್ನಡಿಯೊಂದಿಗೆ ಕಾದಾಡುವ ಗುಬ್ಬಿ, ಎಲ್ಲವೂ ಊರವರ ಮದುವೆ ರೋಲುಗಳ ತುದಿಯಲ್ಲಿ ನನಗೆ ಸಿಕ್ಕವು. ನನ್ನ ಮದುವೆಯ ನಂತರ ಯಾರೂ ಬೇಡವೆನ್ನಲಿಲ್ಲ, ನಾನೂ ಕೇಳಲಿಲ್ಲ. ಸಂಸಾರದಲ್ಲಿ ಅದಕ್ಕೊಂದು ಜಾಗವಿದೆ ಎಂದೇ ಹೊಳೆದಿರಲಿಲ್ಲ.

ಮೆಟ್ಟಿಲ ಕಿಟಕಿ ಪೊಟರೆಗೆ ನೇರಕ್ಕಿತ್ತು. ಕ್ಯಾಮರಾ ಎತ್ತಿದೆ. ಎಡಗೈ ತಾನಾಗಿ ಲೆನ್ಸಿನ ಕೆಳಗೆ ಹೋಗಿ ಆತುಕೊಂಡಿತು. ಇಷ್ಟು ವರ್ಷ ಲಟ್ಟಣಿಗೆ ಹಿಡಿದ ಕೈಗೆ ಅದು ಹೇಗೆ ನೆನಪಿತ್ತೋ! ಜೂಮ್ ಎಳೆದಾಗ ಆ ಗೋಡೆಯ ಒರಟು ಕಂಡಿತು. ಮಣ್ಣೊಂದೇ ಅಲ್ಲ, ಅದರಲ್ಲಿ ಬೀಜಗಳೂ ಅಂಟಿದ್ದವು. ಯಾವ ಮನುಷ್ಯನೂ ಗಾರೆಗೆ ಬೀಜ ಕಲಸುವುದಿಲ್ಲ.

ಕಾಯುತ್ತ ನಿಂತೆ. ಗುಡಿಯ ಸುತ್ತ ಕಾಕೂರ ಸೆರಗು ಒಂದು ಸಲ ಮರೆಯಾಗುವುದು, ಒಂದು ಸಲ ಕಾಣುವುದು. ವಾಚ್‌ಮನ್ ಏಣಿ ತಂದು ಗೋಡೆಗೆ ಒರಗಿಸಿದ. ವಿಠ್ಠಲಾ, ಯಾರನ್ನಾದರೂ ಕಳಿಸು ಎಂದೆ.

ಕೊನೆಗೂ ಹಕ್ಕಿಯೊಂದು ಬಂತು. ಬೂದು ಬಣ್ಣ, ಉದ್ದ ಬಾಲ, ಬಾಗಿದ ಕೊಕ್ಕಿನ ಮೇಲೆ ಪುಟ್ಟ ಕೋಡು. ತೊಗಟೆ ಹಿಡಿದು ಕೂತು ಕೊರಳು ಓರೆ ಮಾಡಿ ನನ್ನ ಕಡೆಗೊಮ್ಮೆ ನೋಡಿತು. ಗಾಬರಿಯಲ್ಲಿ ಒತ್ತಿದೆ, ಬರೀ ಬಾಲ ಬಂತು. ಇನ್ನೊಮ್ಮೆ, ಎಲ್ಲ ಮಸುಕು. ಉಸಿರು ಹಿಡಿದೆ. ಅದರ ಗಂಟಲು ಅಲುಗಿತು. ಗಂಟಲಿನೊಳಗಿಂದ ಕೆಂಪು ಆಲದ ಹಣ್ಣೊಂದು ಕೊಕ್ಕಿನ ತುದಿಗೆ ಉರುಳಿ ಬಂತು. ಸೀಳಿನಿಂದ ಆ ಇನ್ನೊಂದು ಕೊಕ್ಕು ಹೊರಬಂದು ಅದನ್ನು ಮೆಲ್ಲಗೆ ತೆಗೆದುಕೊಂಡಿತು. ಹಿಂದೆಯೇ ಇನ್ನೊಂದು ಹಣ್ಣು, ಮತ್ತೊಂದು. ಗಂಟಲಲ್ಲೇ ಜೋಳಿಗೆ ಇಟ್ಟುಕೊಂಡು ತಿರುಗುತ್ತದೆಯೇ ಇದು!

ಒತ್ತುತ್ತಲೇ ಹೋದೆ. ಆಮೇಲೆ ಕೆಳಗೆ ಓಡಿ, ಪ್ರದಕ್ಷಿಣೆ ಮುಗಿಸಿ ನಿಂತಿದ್ದ ಕಾಕೂ ಮುಂದೆ ಕ್ಯಾಮರಾ ಹಿಡಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಅಗಬಾಯಿ! ಇದು ಧನೇಶ ಅಲ್ವೇ? ಅದು ಅದರ ಹೆಂಡತಿಯೇನು ಒಳಗೆ?"

ಗೆಳತಿ ಅಷ್ಟರಲ್ಲಿ ಧನೇಶ ಎಂದು ಫೋನಿನಲ್ಲಿ ಹುಡುಕಿದಳು. ನಮ್ಮ ಮಂಗಟ್ಟೆ ಹಕ್ಕಿಯೇ ಅದು. ಹೆಣ್ಣು ತಾನೇ ಒಳಗೆ ಕೂತು ಬಾಗಿಲು ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತದಂತೆ, ಗಂಡು ತಂದು ಉಣಿಸುತ್ತದಂತೆ. ಮರಾಠಿಯಲ್ಲಿ ಎಲ್ಲರಿಗೂ ಓದಿ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದಳು:

"ಕೇಳಿದ್ರೇನ್ರಿ ಅಕ್ಕಾರ? ನಮ್ಮ ಮನಿಯವರು ಎದ್ದು ಒಂದು ಗ್ಲಾಸ್ ನೀರು ಸುದ್ದಾ ತಗೊಳ್ಳಂಗಿಲ್ಲ. ಏಳೇಳು ಜನ್ಮಕ್ಕೂ ಇವರ ಬೇಕಂತ ನಾಳೆ ಉಪಾಸ ಇದ್ದು ದಾರ ಸುತ್ತಬೇಕು ನಾ!"

"ಹಂಗಾರ ನಾಳೆ ಮಂಗಟ್ಟೀನ ಗಂಡ ಆಗ್ಲಿ ಅಂತ ಬೇಡ್ಕೊ."

"ಬ್ಯಾಡ್ರಿ. ಗಂಟಲಾಗಿಂದ ತೆಗೆದು ಕೊಡ್ತದದು. ನಮ್ಮವರ ಇರಲಿ."

ಅವಳ ನಗುವಿಗೆ ಕಾಕೂ ಅರ್ಥ ಕೇಳಿದರು. ಹೇಳಿದ ಮೇಲೆ ಅವರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಏಣಿ ವಾಪಸು ಹೋಯಿತು. ನಾಳೆ ಒಟ್ಟಿಗೆ ಗುಂಪು ಕೂಡಬಾರದು, ಇಬ್ಬಿಬ್ಬರೇ ಬಂದು ಕಾಂಡದ ಬುಡಕ್ಕೆ ದಾರ ಸುತ್ತಿ ಸರಿಯಬೇಕು, ಧೂಪವೆಲ್ಲ ಮಾರುತಿಯ ಮುಂದೆಯೇ ಎಂದು ಕಾಕೂ ಅಲ್ಲೇ ಕಟ್ಟುಮಾಡಿದರು. ಕೊನೆಯಲ್ಲಿ ನನ್ನ ಕೈ ಹಿಡಿದು, "ಒಡೆಸಿಬಿಡ್ತಿದ್ದೆ ಕಣೇ," ಎಂದರು.

ಸಂಜೆ ಯಜಮಾನರು ಒಂದೊಂದಾಗಿ ಫೋಟೋ ಸರಿಸಿ ನೋಡಿದರು.

"ಇದರಾಗ ಬರೇ ಬಾಲ ಅದಲ್ಲ?"

"ಮುಂದಿಂದು ನೋಡ್ರಿ."

ನೋಡಿದರು. "ಮತ್ತ ಹೊಡೀತಿಯೇನು?"

"ಮರಿ ಹೊರಗ ಬರೂತನಕ."

"ಅಂದ್ರ ಸಂಜೀ ಚಹಾ ನಾನ ಮಾಡ್ಕೋಬೇಕು ಅನ್ನು."

"ಮಾಡ್ಕೊರಿ. ನಂಗೂ ಒಂದ್ ಕಪ್ ಕಿಟಕಿ ಹತ್ರ ತಂದು ಕೊಡ್ರಿ."

ಪೊಟರೆಯ ಆ ಕತ್ತಲೆಯಲ್ಲಿ ಒಳಗಿನ ಹಕ್ಕಿಗೆ ಹಗಲು ರಾತ್ರಿ ತಿಳಿಯುತ್ತದೆಯೇ? ಒಳಗೆ ಮರಿ ಎಷ್ಟಿರಬಹುದು? ಹೊರಗೆ ಬರುವ ದಿನ ಗೋಡೆ ಒಡೆಯುವುದು ಯಾರು, ತಾಯಿಯೋ ತಂದೆಯೋ? ಯಾವುದೂ ನನಗೆ ಗೊತ್ತಿರಲಿಲ್ಲ. ಇನ್ನೂ ಇಷ್ಟೆಲ್ಲ ತಿಳಿಯಲಿಕ್ಕಿದೆ ಎಂಬುದೇ ಒಂದು ಬಗೆಯ ಹಿತವಾಗಿತ್ತು. ಚೀಲದಲ್ಲಿದ್ದ ಮಾವಿನಹಣ್ಣುಗಳನ್ನು ಬುಟ್ಟಿಗೆ ಸುರಿದು, ಬೆಳಗಿನ ಪೂಜೆಗೆ ಒಂದೊಂದನ್ನೇ ತೊಳೆದು ಒರೆಸಿಡತೊಡಗಿದೆ.