ಓದಿದವರಿಗೆ ಮಾತ್ರ ಪಂಚಕಜ್ಜಾಯ

ದಹಿಸರಿನ ನಮ್ಮ ಬಿಲ್ಡಿಂಗಿನ ಹಿಂದಿನ ಗಲ್ಲಿ ದಾಟಿದರೆ ಮುನ್ಸಿಪಾಲಿಟಿ ಶಾಲೆ. ಮದುವೆಯಾಗಿ ಉಡುಪಿ ಕಡೆಯಿಂದ ಬಂದ ದಿನದಿಂದಲೂ ಸೊಪ್ಪು, ತೆಂಗಿನಕಾಯಿ ತರಲೆಂದು ಅದರ ಗೇಟಿನ ಮುಂದೆಯೇ ಓಡಾಡಿದವಳು ನಾನು. ಮರಾಠಿ, ಹಿಂದಿ ತರಗತಿಗಳ ಜೊತೆಗೆ ಮೇಲಿನ ಮಾಳಿಗೆಯಲ್ಲಿ ಕನ್ನಡ ಶಾಲೆಯೂ ನಡೆಯುತ್ತದೆ ಎಂಬುದು ಗೊತ್ತಿತ್ತು. ಹಾಗಿದ್ದರೂ ನನ್ನ ಇಬ್ಬರು ಮಕ್ಕಳನ್ನು ಅಲ್ಲಿಗೆ ಸೇರಿಸುವ ಮಾತು ನಮ್ಮ ಮನೆಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ಅವರು ಇಂಗ್ಲಿಷಿನಲ್ಲಿ ಓದಿದರು, ಈಗ ನನ್ನ ಹತ್ತಿರ ಅರ್ಧ ಹಿಂದಿಯಲ್ಲಿ ಮಾತಾಡುತ್ತಾರೆ. ಮಾತಾಡುತ್ತಾರಲ್ಲ, ಅದೇ ದೊಡ್ಡದು.

ಹೋದ ವರ್ಷ ಆ ಶಾಲೆಯ ಟೀಚರೊಬ್ಬರು ನಮ್ಮ ಶುಕ್ರವಾರದ ಭಜನೆಗೆ ಬಂದರು. ಬಾಗಲಕೋಟೆ ಕಡೆಯವರು, ನಿವೃತ್ತಿ ಹತ್ತಿರವಾದವರು. ಮಂಗಳಾರತಿ ಆಗುವವರೆಗೆ ಸುಮ್ಮನೆ ಕುಳಿತಿದ್ದು, ಆಮೇಲೆ ಎದ್ದು ನಿಂತರು.

"ಅಲ್ರೀ, ನೀವೆಲ್ಲ ಇಷ್ಟು ಚಂದ ಹಾಡ್ತೀರಿ. ದಿನಾ ಒಂದು ತಾಸು ಯಾರರ ಬಂದು ನಮ್ಮ ಮಕ್ಕಳ ಮುಂದ ಕುಂತು ಓದಿಸ್ರಿ. ಮೂರನೇತ್ತೆ ನಾಕನೇತ್ತೆ ಎರಡೂ ಕ್ಲಾಸು ಒಂದೇ ಖೋಲಿಯೊಳಗ ಅದಾವು. ಇನ್ನೊಬ್ಬ ಟೀಚರ್ ಮತದಾರರ ಪಟ್ಟಿ ಹಿಡಕೊಂಡು ಚಾಳಿಂದ ಚಾಳಿಗೆ ತಿರಗಾಕತ್ತಾರ. ನಾನೊಬ್ಬಾಕಿ ಏನ್ ಮಾಡ್ಲಿ?"

ಎಲ್ಲರೂ ನೆಲ ನೋಡಿದರು. ನಾನು ಮುಖ ಎತ್ತಿದ್ದೆ, ಸಿಕ್ಕಿಬಿದ್ದೆ.

ತರಗತಿಯಲ್ಲಿ ಎರಡು ಫ್ಯಾನುಗಳಲ್ಲಿ ಒಂದು ತಿರುಗುತ್ತಿತ್ತು, ದೇವರ ದಯೆ. ಯಾರೋ ದಾನ ಕೊಟ್ಟ ದೊಡ್ಡ ಟಿ.ವಿ. ಗೋಡೆಯ ಮೇಲಿತ್ತು. ಅದರ ರಿಮೋಟು ಕಪಾಟಿನೊಳಗೆ, ಕಪಾಟಿನ ಬೀಗದ ಕೈ ಮತದಾರರ ಪಟ್ಟಿಗೆ ಹೋದ ಟೀಚರ ಬಳಿ. ಮಕ್ಕಳಲ್ಲಿ ಹೋಟೆಲ್ ಕೆಲಸದವರ ಮಕ್ಕಳು ಕೆಲವರು, ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದವರ ಮಕ್ಕಳೇ ಹೆಚ್ಚು. ಟೀಚರ್ ಒಂದು ಸಾಲು ಓದಿದರೆ ಇಡೀ ತರಗತಿ ಅದನ್ನು ಕೂಗುತ್ತಿತ್ತು. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುವುದು ನನ್ನ ಕೆಲಸ ಎಂದು ಹೇಳಿದರು.

ನಾನು ಬೆಳಿಗ್ಗೆ ದೇವರಿಗೆ ಅವಲಕ್ಕಿ ಪಂಚಕಜ್ಜಾಯ ನೈವೇದ್ಯ ಮಾಡುತ್ತೇನೆ. ಅವಲಕ್ಕಿ, ಬೆಲ್ಲ, ಕಾಯಿತುರಿ, ಎಳ್ಳು, ಏಲಕ್ಕಿ. ಮನೆಯಲ್ಲಿ ತಿನ್ನುವವರು ಈಗ ಗಂಡ ಹೆಂಡತಿ ನಾವಿಬ್ಬರೇ. ಶಾಲೆಯ ಮಕ್ಕಳಿಗಾದೀತೆಂದು ಸ್ವಲ್ಪ ಹೆಚ್ಚು ಮಾಡಿ ಸ್ಟೀಲಿನ ಡಬ್ಬಿಯಲ್ಲಿ ಒಯ್ಯತೊಡಗಿದೆ. ಮೊದಮೊದಲು ಪಾಠ ಮುಗಿದ ಮೇಲೆ ಎಲ್ಲರ ಅಂಗೈಗೂ ಸ್ವಲ್ಪ ಸ್ವಲ್ಪ ಹಾಕುತ್ತಿದ್ದೆ. ಒಂದು ದಿನ ನಾಲ್ಕನೆಯ ತರಗತಿಯ ಹುಡುಗ ಪೂರಾ ಪುಟವನ್ನು ತಡವರಿಸದೆ ಓದಿದ. ಸಂತೋಷ ತಡೆಯಲಾರದೆ ಪಾಠದ ನಡುವೆಯೇ ಡಬ್ಬಿ ತೆರೆದು ಅವನಿಗೆ ಕೊಟ್ಟೆ. ಪಕ್ಕದವಳು "ಆಂಟೀ, ಮೈ ಭೀ! ನಾನೂ ಓದ್ತೇನೆ" ಎಂದು ಎದ್ದಳು. ಅವಳೂ ಓದಿದಳು, ಅವಳಿಗೂ ಕೊಟ್ಟೆ. ಹಿಂದಿನ ಸಾಲಿನಿಂದ ಕೈಗಳು ಮೇಲೆದ್ದವು.

ಅಂದಿನಿಂದ ಅದೇ ನಿಯಮವಾಯಿತು. ಓದು, ತಗೋ. ಓದಲಾಗದವರಿಗೆ "ನಾಳೆ ಓದು ಮಗಾ, ನಾಳೆ ಕೊಡ್ತೇನೆ" ಎನ್ನುತ್ತಿದ್ದೆ. ನನ್ನ ಕಿವಿಗೆ ಅದು ಪ್ರೀತಿಯ ಮಾತಾಗಿಯೇ ಕೇಳುತ್ತಿತ್ತು.

ಉಪಾಯ ಕೆಲಸ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಕ್ಕಳು ನಾಳೆಯ ಪಾಠವನ್ನು ಹಿಂದಿನ ದಿನವೇ ಮನೆಯಲ್ಲಿ ಓದಿಕೊಂಡು ಬರತೊಡಗಿದರು. ಗಲಾಟೆ ನಿಂತಿತು. ಟೀಚರ್ ಬಾಗಿಲಲ್ಲಿ ನಿಂತು ನೋಡಿ "ಏನ್ ಜಾದೂ ಮಾಡೀರಿ ಬಾಯೀ?" ಎಂದರು. ನಾನು ಭಜನೆಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದೆ. ಪ್ರಸಾದದ ಬಲ, ನೋಡಿ, ಎಂದೆ. ದೇವರ ಹೆಸರು ಮುಂದಿಟ್ಟು ನನ್ನನ್ನೇ ಹೊಗಳಿಕೊಂಡದ್ದು ಅದು.

ಮೂರನೆಯ ತರಗತಿಯಲ್ಲಿ ವಿಜಯಪುರ ಕಡೆಯ ಹುಡುಗಿಯೊಬ್ಬಳಿದ್ದಳು. ಅವಳ ಅಪ್ಪ ಫುಟ್‌ಪಾತಿಗೆ ಬ್ಲಾಕ್ ಕೂಡಿಸುವವನು. ಕೆಲಸ ಹೋದಲ್ಲಿಗೆ ಅವರ ಸಂಸಾರ ಹೋಗುತ್ತದೆ. ಶಾಲೆ ನಡುವೆ ನಡುವೆ ತಪ್ಪಿ ಅವಳಿಗೆ ಅಕ್ಷರಗಳು ಬಿಡಿಬಿಡಿಯಾಗಿ ಬರುತ್ತಿದ್ದವು, ಗುಡಿಸು ಕೊಂಬು ಒತ್ತು ಸೇರಿದರೆ ಬಾಯಿ ಕಟ್ಟಿಹೋಗುತ್ತಿತ್ತು. ಸರದಿ ಬಂದಾಗ ಪುಸ್ತಕ ಹಿಡಿದು ನಿಲ್ಲುವಳು. ನಾನು ಸ್ವಲ್ಪ ಕಾದು, "ಆಯ್ತು, ನಾಳೆ" ಎಂದು ಮುಂದಿನವರಿಗೆ ಹೋಗುವೆ. ಯಾಕೆ ಓದಲಿಲ್ಲ ಎಂದು ಬೈದದ್ದಿಲ್ಲ. ಹೇಗೆ ಓದುವುದೆಂದು ಹೇಳಿಕೊಟ್ಟದ್ದೂ ಇಲ್ಲ. ಬರುವವರನ್ನು ಓದಿಸಿದೆ, ಬಾರದವಳನ್ನು ಕಾಯಿಸಿದೆ. ಇದನ್ನು ಶಾಲೆ ನಡೆಸುವುದು ಎಂದುಕೊಂಡಿದ್ದೆ.

ಅವಳ ತಾಯಿ ನಮ್ಮ ಭಜನಾ ಮಂದಿರಕ್ಕೆ ಶುಕ್ರವಾರ ಗುಡಿಸಿ ಒರೆಸಲು, ಪಾತ್ರೆ ತೊಳೆಯಲು ಬರುತ್ತಿದ್ದಳು. ಕೆಲಸ ಮುಗಿಸಿ ಹಾಡು ಕೇಳುತ್ತಾ ಬಾಗಿಲ ಹತ್ತಿರ ಕೂರುವಳು. ಒಂದು ಶುಕ್ರವಾರ ಮಗಳನ್ನೂ ಕರೆತಂದಿದ್ದಳು. ಆರತಿ ಆಯಿತು. ಪೂಜೆ ಮಾಡುವ ಹಿರಿಯರು ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಪ್ರಸಾದ ಕೊಡುತ್ತಾ ಬಾಗಿಲ ತನಕ ಹೋದರು. ತಾಯಿ ಸೆರಗೊಡ್ಡಿ ತೆಗೆದುಕೊಂಡಳು. ಮಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗೋ ಮಗಾ, ದೇವರ ಪ್ರಸಾದ," ಎಂದರು ಹಿರಿಯರು.

ಅವಳು ತಲೆ ಅಲ್ಲಾಡಿಸಿದಳು.

"ಯಾಕ ಬ್ಯಾಡಂತೀ? ಹಿಡಿ ಕೈ!" ತಾಯಿ ಮೊಣಕೈ ಹಿಡಿದು ಎಳೆದಳು.

"ನಂಗ ಓದಾಕ ಬರಂಗಿಲ್ಲ ಬೇ."

"ಓದಾಕ? ಇಲ್ಲಿ ಯಾರ್ ಓದು ಅಂದಾರ ನಿಂಗ?"

ಮುಂದಿನ ಸಾಲಿನಲ್ಲಿ ತಾಳ ಹಿಡಿದು ಕುಳಿತಿದ್ದ ನನ್ನ ಕಡೆ ಹುಡುಗಿ ನೋಡಿದಳು. ದೂರುವ ನೋಟವಲ್ಲ ಅದು. ತಾನು ನಿಯಮ ಮುರಿದಿಲ್ಲ ಎಂದು ಟೀಚರಿಗೆ ತೋರಿಸುವ ನೋಟ. ಅವಳ ಹಿಂದೆಯೇ ಮಂದಿರದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನಗೆ ತಾಳ ಕೆಳಗಿಡುವುದಕ್ಕೂ ಆಗಲಿಲ್ಲ, ಹಿಡಿದುಕೊಳ್ಳುವುದಕ್ಕೂ ಆಗಲಿಲ್ಲ. ನನ್ನ ದೊಡ್ಡಸ್ತಿಕೆಯ ಕಥೆಯನ್ನು ಎಲ್ಲರೂ ನನ್ನ ಬಾಯಿಂದಲೇ ಕೇಳಿದ್ದರಿಂದ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಮಂಡಳಿಯಲ್ಲಿ ನಾಲಿಗೆ ಚುರುಕಾದ ಒಬ್ಬರಿದ್ದಾರೆ. ಚಪ್ಪಲಿ ಹಾಕಿಕೊಳ್ಳುವಾಗ ಅಂದೇಬಿಟ್ಟರು: "ಎಂತ ಮಾರಾಯ್ತಿ, ದೇವರ ಪ್ರಸಾದಕ್ಕೂ ಪರೀಕ್ಷೆ ಇಟ್ಟಿದ್ದೀಯಾ? ನಮ್ಮ ಪುಣ್ಯ, ನೀನು ಬಾಗಿಲಲ್ಲಿ ನಿಲ್ಲುವುದಿಲ್ಲ. ನಾವೆಲ್ಲ ಫೇಲೇ."

ಕೆಲವರು ನಕ್ಕರು. ನಾನೂ ನಗಲು ನೋಡಿದೆ.

ಮನೆಯವರಿಗೆ ಅಡುಗೆಮನೆಯಲ್ಲಿ ನಿಂತು ಹೇಳಿದೆ. ಅವರು ಅಂಧೇರಿಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವವರು. ಸಮಾಧಾನ ಹೇಳಿಯಾರು ಅಂದುಕೊಂಡೆ. "ನಾನು ಗಲ್ಲೆಯಲ್ಲಿ ಕೂತು ಬಿಲ್ ಕೇಳುವುದು ಸರಿ. ಅದು ನನ್ನ ಕೆಲಸ. ನೀನು ದೇವರ ಲೆಕ್ಕದಲ್ಲಿ ಬಿಲ್ ಕೇಳಿದ್ದಾ?" ಎಂದು ಊಟಕ್ಕೆ ಕೂತರು. ಸ್ವಲ್ಪ ಹೊತ್ತಿನ ಮೇಲೆ "ಸಾರು ಒಳ್ಳೆಯದಾಗಿದೆ" ಎಂದೂ ಹೇಳಿದರು. ಅವರಿಗೆ ತಿಳಿದ ಸಮಾಧಾನ ಅಷ್ಟೇ.

ಸೋಮವಾರ ಹುಡುಗಿ ಶಾಲೆಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಇಂಥ ಮಕ್ಕಳು ಎರಡು ದಿನ ತಪ್ಪಿದರೆ ಮೂರನೆಯ ದಿನ ತಾಯಿಯ ಜೊತೆ ಕೆಲಸಕ್ಕೆ ಹೊರಟುಬಿಡುತ್ತಾರೆ, ಆಮೇಲೆ ಕರೆತರುವುದು ಕಷ್ಟ ಎಂದು ಟೀಚರ್ ಹಿಂದೆ ಹೇಳಿದ್ದರು. ನನ್ನಿಂದ ಒಂದು ಮಗುವಿನ ಶಾಲೆ ನಿಂತರೆ ಯಾವ ಮುಖ ಹೊತ್ತು ದೀಪ ಹಚ್ಚಲಿ? ಅಂದು ಮಧ್ಯಾಹ್ನ ಅವರ ಮನೆ ಹುಡುಕಿಕೊಂಡು ಹೋದೆ. ನದಿಯ ಪಕ್ಕ ತಗಡಿನ ಸಾಲುಮನೆಗಳು. ತಾಯಿ ಹೊರಗೆ ಕುಳಿತು ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಕೈ ಒರೆಸಿಕೊಂಡು ಎದ್ದಳು, ಪ್ಲಾಸ್ಟಿಕ್ ಸ್ಟೂಲು ತಂದಿಟ್ಟಳು. ಬೈದಿದ್ದರೆ ಹಗುರವಾಗುತ್ತಿತ್ತು.

"ನನ್ನಿಂದ ತಪ್ಪಾಯ್ತಮ್ಮಾ. ಮಕ್ಕಳು ಚೆನ್ನಾಗಿ ಓದಲಿ ಅಂತ ಮಾಡಿದ್ದು," ಎಂದೆ.

"ಗೊತ್ತೈತ್ರಿ. ಈಕಿ ಎಲ್ಲಾ ಹೇಳ್ಯಾಳ." ಬಟ್ಟೆ ಹಿಂಡುತ್ತಲೇ ಅವಳು ಅಂದಳು: "ಊರಾಗ ನಮ್ಮನ್ನ ಗುಡಿ ಒಳಗ ಬಿಡ್ತಿರಲಿಲ್ರಿ. ಆದ್ರ ಹೊರಗ ನಿಂತ್ರೂ ಪ್ರಸಾದ ಕೊಡ್ತಿದ್ರು."

ಊರಲ್ಲಿ ಅವರನ್ನು ಹೊರಗೆ ನಿಲ್ಲಿಸಿದವರು ನಮ್ಮಂಥವರೇ. ಅವರೂ ಮಾಡದ ಕೆಲಸವನ್ನು ನಾನು ದಿನವೂ ಸ್ನಾನ ಮಾಡಿ, ಮಡಿಯಲ್ಲಿ ನೈವೇದ್ಯ ಮಾಡಿ, ಡಬ್ಬಿಯಲ್ಲಿ ಹೊತ್ತುಕೊಂಡು ಹೋಗಿ ಮಾಡಿದ್ದೆ.

"ನಾಳೆ ಕಳಿಸ್ತೀಯಾ?" ಎಂದು ಕೇಳಿದೆ.

"ಆಕೀನ ಕೇಳ್ರಿ. ಹೋಗೂದು ಆಕಿ."

ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. "ಬರ್ತೀಯಾ ಮಗಾ?" ಎಂದೆ. "ಎಲ್ಲಾರ ಮುಂದ ಎಬ್ಬಸ್ತೀರೇನು?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾದ್ರ ನೋಡ್ತೀನಿ" ಎಂದಳು.

ಮರುದಿನ ಅವಳು ಬಂದಳು. ಅದು ದೇವರು ನನಗೆ ಕೊಟ್ಟದ್ದು, ನಾನು ಸಂಪಾದಿಸಿದ್ದಲ್ಲ.

ತರಗತಿಗೆ ಮೊದಲು ಟೀಚರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಕುಳಿತರು. "ನಾನೂ ನೋಡಿದ್ದೆ ಬಾಯೀ. ಆ ಹುಡುಗಿಗೆ ದಿನಾ ಸಿಗಂಗಿಲ್ಲ ಅಂತ ಗೊತ್ತಿತ್ತು. ಕ್ಲಾಸು ಗಪ್ ಇತ್ತಲ್ಲ, ನಾನೂ ಗಪ್ ಆದೆ." ನನ್ನ ಅವಮಾನಕ್ಕೆ ಒಬ್ಬರು ಪಾಲುದಾರರು ಸಿಕ್ಕರೆಂದು ಒಳಗೊಳಗೇ ಸಮಾಧಾನವಾಯಿತು. ಅದಕ್ಕೂ ನಾಚಿಕೆಪಡಬೇಕು.

ಇಬ್ಬರೂ ಕೂತು ಒಂದು ಮಾತಿಗೆ ಬಂದೆವು. ಮಕ್ಕಳನ್ನು ಮೂರನೆಯದು ನಾಲ್ಕನೆಯದು ಎಂದು ಕೂರಿಸುವ ಬದಲು, ಓದು ಎಷ್ಟು ಬರುತ್ತದೋ ಅದರ ಪ್ರಕಾರ ಕೂರಿಸುವುದು. ಸರಾಗ ಓದುವವರು ಇಬ್ಬಿಬ್ಬರಾಗಿ ಒಬ್ಬರಿಗೊಬ್ಬರು ಓದಿಕೊಳ್ಳಲಿ. ಅಕ್ಷರಕ್ಕೆ ಅಕ್ಷರ ಕೂಡಿಸಲಾಗದವರ ಜೊತೆ ನಾನು ನೆಲದ ಮೇಲೆ ಕೂರುವುದು. ಪ್ರಸಾದ ಪುಸ್ತಕ ತೆರೆಯುವ ಮೊದಲೇ, ಎಲ್ಲರಿಗೂ.

"ಓದದಿದ್ರೂ ಕೊಡ್ತೀರಾ ಆಂಟಿ?" ಎಂದ ನಾಲ್ಕನೆಯ ತರಗತಿಯ ಹುಡುಗ.

"ಹೌದು."

"ಅರೆ ಯಾರ್! ಹಾಗಾದ್ರೆ ಇಷ್ಟು ದಿನ ನಾನು ಫುಕಟ್ ಓದಿದ್ದು!"

ಇಡೀ ತರಗತಿ ನಕ್ಕಿತು. ಅವನು ತಮಾಷೆಗೆ ಹೇಳಲಿಲ್ಲ ಎಂಬುದು ಆ ವಾರ ತಿಳಿಯಿತು. ಮನೆಯಲ್ಲಿ ಓದಿಕೊಂಡು ಬರುವುದನ್ನು ಅವನೂ ಇನ್ನು ಕೆಲವರೂ ಬಿಟ್ಟುಬಿಟ್ಟರು. ಗಲಾಟೆ ಮತ್ತೆ ಶುರುವಾಯಿತು. ನಾನು ಅವರಿಗೆ ಓದಿನ ರುಚಿ ಹತ್ತಿಸಿದ್ದೇನೆ ಎಂದುಕೊಂಡಿದ್ದೆ. ಹತ್ತಿದ್ದು ಬೆಲ್ಲದ ರುಚಿ. ಅವರಿಗೆ ಕಥೆ ಓದಿ ಹೇಳಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿ, ಮುಂದಿನದನ್ನು ನೀವೇ ಓದಿ ಎಂದು ಪುಸ್ತಕ ಕೊಡುವುದನ್ನು ಆಮೇಲೆ ಕಲಿತೆ. ಈಗಲೂ ಎಲ್ಲರೂ ಓದುವುದಿಲ್ಲ. ಓದುವವರು ಕಥೆಗಾಗಿ ಓದುತ್ತಾರೆ.

ಆ ಹುಡುಗಿ ಮಾತ್ರ ಪ್ರಸಾದ ಮುಟ್ಟಲಿಲ್ಲ. ಡಬ್ಬಿ ಅವಳ ಮುಂದೆ ಬಂದಾಗ ಕೈ ಬೆನ್ನ ಹಿಂದೆ ಹೋಗುತ್ತಿತ್ತು. "ಇದಕ್ಕೆ ಓದಬೇಕಾಗಿಲ್ಲ ಮಗಾ" ಎಂದರೆ, "ಓದಿದ ಮ್ಯಾಲೆ ತಗೋತೀನಿ" ಎನ್ನುವಳು. ಒತ್ತಾಯ ಮಾಡಲಿಲ್ಲ. ನಾನೇ ದಿನವೂ ಕಲಿಸಿದ ಪಾಠ ಅದು. ಅವಳು ಸರಿಯಾಗಿ ಕಲಿತಿದ್ದ ಪಾಠ ಅದೊಂದೇ.

ಪಠ್ಯಪುಸ್ತಕ ಬದಿಗಿಟ್ಟೆ. ಅವಳು ಹೇಳಿದ ಮಾತನ್ನೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದೆ. "ನಮ್ಮವ್ವ ರೊಟ್ಟಿ ಮಾಡ್ತಾಳ." ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಹಿಡಿದು ಬಂದಳು. ತಾನು ಆಡಿದ ಮಾತು ತನ್ನ ಕಣ್ಣಿಗೆ ಬಿದ್ದಾಗ ಬಾಯಿಗೆ ಕೈ ಅಡ್ಡ ಹಿಡಿದಳು. ಮರುದಿನ ಇನ್ನೊಂದು ಸಾಲು ಹೇಳಿದಳು. ಹೀಗೆ ಮಳೆಗಾಲ ಕಳೆಯಿತು. ಒತ್ತು ಬಂದಲ್ಲಿ ಇನ್ನೂ ಎಡವುತ್ತಿದ್ದಳು. ಒಂದು ದಿನ ತನ್ನದೇ ಸಾಲನ್ನು ತಪ್ಪಾಗಿ ಓದಿದಳು, ಇನ್ನೊಮ್ಮೆ ಓದಿದಳು, ಮತ್ತೆ ತಪ್ಪಿತು. ಈಗ ಎದ್ದುಹೋಗುತ್ತಾಳೆ ಎಂದುಕೊಂಡೆ. ಅವಳು ಹಣೆ ಬಡಿದುಕೊಂಡು, "ಏ, ನಾನ ಹೇಳಿದ್ದು ನಂಗ ಓದಾಕ ಬರವಲ್ದಲ್ರೀ!" ಎಂದು ಗಟ್ಟಿಯಾಗಿ ನಕ್ಕಳು. ಪಕ್ಕದ ಮಕ್ಕಳೂ ನಕ್ಕರು. ಯಾರ ನಗೆಯಲ್ಲೂ ಮುಳ್ಳಿರಲಿಲ್ಲ.

ಅದರ ಮರುದಿನ ಬೆಳಿಗ್ಗೆ ಎಂದಿನಂತೆ ಸಾಲಿನಲ್ಲಿ ಪ್ರಸಾದ ಹಾಕುತ್ತಾ ಹೋದೆ. ಅವಳ ಮುಂದೆ ಬಂದಾಗ ಅಭ್ಯಾಸಬಲದಿಂದ ಪಕ್ಕದವಳ ಕಡೆ ತಿರುಗಿದ್ದೆ. ಅಷ್ಟರಲ್ಲಿ ಒಂದು ಅಂಗೈ ಮುಂದೆ ಬಂತು. ಅವಳದ್ದೇ. ಹಾಕಿದೆ. ಅವಳು ಅದನ್ನು ಬಾಯಿಗಿಡಲಿಲ್ಲ. ಮುಷ್ಟಿ ಮುಚ್ಚಿ ತಲೆ ಎತ್ತಿ ನನ್ನ ಮುಖವನ್ನೇ ನೋಡುತ್ತಾ ನಿಂತಳು, ನಾನು ಏನಾದರೂ ಓದು ಎಂದು ಕೇಳುತ್ತೇನೋ ಎಂದು. ಕೇಳುವುದಿಲ್ಲ ಎಂದು ಖಾತ್ರಿಯಾಗುವವರೆಗೂ ಕಾದಳು. ಆಮೇಲೆ ತಿಂದಳು.