ಲರ್ನ್ ಎಂದರೆ ಸುಗಲತ್ತಿ

ಹುರಿದ ಶೇಂಗಾಕ್ಕೆ ಬಳ್ಳೊಳ್ಳಿ, ಕೆಂಪು ಖಾರ ಹಾಕಿ ಒಳ್ಳಿನಲ್ಲಿ ಕುಟ್ಟುವಾಗ ಏಳುವ ಘಾಟು ಯಾವ ಮನೆಯಿಂದ ಬಂದರೂ ನಾನು ಬೇಗಬೇಗ ಆ ಓಣಿ ದಾಟಿಬಿಡುತ್ತೇನೆ. ಇವಳಿಗೆ ಖಾರ ಆಗಿಬರುವುದಿಲ್ಲ ಎಂದು ನೆರೆಯವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ ಬಿಡಿ. ನಾನು ಇಂಗ್ಲಿಷ್ ಕಲಿಸಿದ್ದು, ಒಂದು ರೀತಿಯಲ್ಲಿ ಕಲಿತದ್ದು ಕೂಡ, ಆ ಘಾಟಿನಲ್ಲೇ. ಮಾದನಹಿಪ್ಪರಗಾದ ನಮ್ಮ ಮನೆಯ ಹಿತ್ತಲ ಪಡಸಾಲೆಯಲ್ಲಿ ಒಳ್ಳಿನ ಮುಂದೆ ಕೂತು ನನ್ನ ಸೋದರತ್ತೆ ಶೇಂಗಾಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕುಟ್ಟುತ್ತಿದ್ದಳು, ಎದುರಿಗೆ ಪುಸ್ತಕ ಬಿಚ್ಚಿಕೊಂಡು ನಾನು ಪಾಠ ಹೇಳುತ್ತಿದ್ದೆ. ಅವಳ ಹೆಸರು ಸುಗಲಾಬಾಯಿ. ನಮಗೆ ಸುಗಲತ್ತಿ. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬೇಕು, ಎಲ್ಲರ ಕೆಲಸಕ್ಕೂ ಬೇಕಾದವಳು, ಯಾರ ಲೆಕ್ಕದಲ್ಲೂ ಇಲ್ಲದವಳು.

ಜೇವರ್ಗಿ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಇಂಗ್ಲಿಷ್ ಕಲಿಸಿ ನಿವೃತ್ತಳಾದ ದಿನ ಮಕ್ಕಳು ನನಗೊಂದು ದಪ್ಪ ನಿಘಂಟು ಕೊಟ್ಟರು. ಪದಗಳು ಎಲ್ಲಿ ಹುಟ್ಟಿ ಎಲ್ಲಿ ಬೆಳೆದವು ಎಂದು ಹೇಳುವ ನಿಘಂಟು. ಮನೆಗೆ ಬಂದು, ಹಾರದ ಹೂವು ಬಾಡುವ ಮೊದಲೇ ಅದನ್ನು ಬಿಚ್ಚಿ ಲರ್ನ್ ಎಂಬ ಪದ ಹುಡುಕಿದೆ. ಅದೇ ಯಾಕೆ ಎಂದು ಮುಂದೆ ಹೇಳುತ್ತೇನೆ. ಆ ಪದದ ಬೇರು ಹಿಡಿದು ಹಿಂದೆ ಹಿಂದೆ ಹೋದರೆ ಕೊನೆಗೆ ಸಿಗುವುದು ಹೊಲದ ಸಾಲು, ನೆಲದ ಮೇಲೆ ಮೂಡಿದ ಹೆಜ್ಜೆಯ ಗುರುತು ಎಂದು ಬರೆದಿತ್ತು. ಚಪ್ಪಲಿ ಹೊಲಿಯುವವರು ಇಟ್ಟುಕೊಳ್ಳುವ ಕಟ್ಟಿಗೆಯ ಪಾದ ಇರುತ್ತದಲ್ಲ, ಅದರ ಇಂಗ್ಲಿಷ್ ಹೆಸರೂ ಇದೇ ಬಳಗದ್ದಂತೆ. ಅಂದರೆ ಕಲಿಯುವುದು ಎಂದರೆ ಮುಂದೆ ಹೋದವರ ಹೆಜ್ಜೆ ಹಿಡಿದು ನಡೆಯುವುದು. ಇನ್ನೊಂದು ಮಾತೂ ಇತ್ತು. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಕಲಿಯುವುದಕ್ಕೂ ಕಲಿಸುವುದಕ್ಕೂ ಇದೊಂದೇ ಪದ ಸಾಕಾಗುತ್ತಿತ್ತಂತೆ. ಓದಿ ಪುಸ್ತಕ ಮುಚ್ಚಿಟ್ಟೆ.

ಸಾಲು ಎಂದರೆ ಏನೆಂದು ನನಗೆ ತೋರಿಸಿದವಳೇ ಸುಗಲತ್ತಿ. ಹಿಂಗಾರಿ ಜೋಳದ ಬಿತ್ತನೆಗೆ ಮುತ್ಯಾ, ಅಂದರೆ ನನ್ನ ಅಜ್ಜ, ಕೂರಿಗೆ ಹೂಡಿದರೆ ಹಿಂದೆ ಬೀಜ ಬಿಡಲು ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಎರಿಮಣ್ಣಿನಲ್ಲಿ ಬರಿಗಾಲೂರಿ, ಕೂರಿಗೆಯ ಬಟ್ಟಲಿಗೆ ಬೆರಳ ಸಂದಿಯಿಂದ ಕಾಳು ಬಿಡುತ್ತಾ ಅವಳು ನಡೆದರೆ ಎತ್ತುಗಳೇ ಅವಳ ನಡಿಗೆಗೆ ಹೊಂದಿಕೊಂಡಂತೆ ಕಾಣುತ್ತಿತ್ತು. ನಾನೂ ಹಟ ಮಾಡಿ ಒಮ್ಮೆ ಬೀಜ ಬಿಟ್ಟೆ. ನಡುವೆ ಯಾವುದೋ ಹಕ್ಕಿ ನೋಡುತ್ತಾ ಕೈ ನಿಲ್ಲಿಸಿದ್ದು ನನಗೇ ಗೊತ್ತಾಗಲಿಲ್ಲ. ಬಿತ್ತಿದ ದಿನ ಎಲ್ಲ ಸಾಲೂ ಒಂದೇ, ಮುಚ್ಚಿದ ಮಣ್ಣು ಯಾರ ತಪ್ಪನ್ನೂ ಹೇಳುವುದಿಲ್ಲ. ಎಂಟು ದಿನಕ್ಕೆ ಹೊಲವೆಲ್ಲ ಹಸಿರು ಗೀಟು ಎಳೆದುಕೊಂಡಾಗ ನನ್ನ ಸಾಲಿನಲ್ಲಿ ಮಾತ್ರ ಎರಡು ಮಾರು ಬರೀ ಕರಿಮಣ್ಣು. ಊರವರೆಲ್ಲ ನೋಡಿ ನಕ್ಕರು. ಸುಗಲತ್ತಿ ನಗಲಿಲ್ಲ. ಕಳೆ ತೆಗೆಯುವ ಕುರ್ಚಿಗಿ ಹಿಡಿದುಕೊಂಡು ಹೋಗಿ ಕೂತು, ಆ ಖಾಲಿ ಜಾಗಕ್ಕೆ ಒಂದೊಂದೇ ಕಾಳು ಊರಿ ಬಂದಳು.

ಅವಳನ್ನು ಅಫಜಲಪುರ ತಾಲೂಕಿನ ಕರಜಗಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಇವಳು ಟ್ರಂಕು ಹಿಡಿದು ತವರಿಗೆ ಬಂದಳು. ಆಗ ನಾನು ಎಂಟನೆಯ ಇಯತ್ತೆ. ಊರಲ್ಲಿ ಬಾಲವಾಡಿ ತೆರೆಯುತ್ತಾರೆ, ಮ್ಯಾಟ್ರಿಕ್ ಪಾಸಾದ ಹೆಣ್ಣುಮಗಳು ಸಿಕ್ಕರೆ ಅವಳನ್ನೇ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಹಬ್ಬಿದ ದಿನದಿಂದ ಸುಗಲತ್ತಿಯ ಮುಖದ ಕಳೆಯೇ ಬದಲಾಯಿತು. ಏಳನೆಯದಕ್ಕೆ ಬಿಟ್ಟ ಓದು, ಹೊರಗಿನಿಂದ ಪರೀಕ್ಷೆ ಕಟ್ಟುತ್ತೇನೆ ಎಂದಳು. ಕರಜಗಿಯವರು ಅಷ್ಟರಲ್ಲೇ ಹೇಳಿ ಕಳಿಸತೊಡಗಿದ್ದರು. ಕಿರಿಯವಳಿಗೆ ಮೇಲಿಂದ ಮೇಲೆ ಬಾಣಂತನ, ಕಬ್ಬಿನ ಕೆಲಸ ಬೇರೆ, ಹಿರಿಯವಳು ಬಂದು ಮನೆ ನೋಡಿಕೊಳ್ಳಲಿ ಎಂದು. ಮುತ್ಯಾ ಕೆಟ್ಟವನಲ್ಲ, ಆದರೆ ಒಮ್ಮೆ ಆಡಿದ ಮಾತು ತಿರುಗಿಸುವವನೂ ಅಲ್ಲ. ಎಲ್ಲರ ಮುಂದೆ ಹೇಳಿಬಿಟ್ಟ.

"ಪಾಸಾದಿ ಅಂದ್ರ ಈ ಮನ್ಯಾಗ ಇರು, ಯಾರೂ ಕರಿಲಿಕ್ಕ ಬರಲ್ಲ. ಆಗಲಿಲ್ಲಂದ್ರ ಕರಜಗಿಗಿ ನಡಿ."

ಗಣಿತ, ಕನ್ನಡ ಎಲ್ಲ ತನ್ನ ಅಣ್ಣನಿಂದ, ಅಂದರೆ ನನ್ನ ಅಪ್ಪನಿಂದ ಕಲಿತಳು. ಆದರೆ ಅಪ್ಪ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವನು, ಅವನಿಗೆ ಇಂಗ್ಲಿಷಿನ ಗಾಳಿಯೂ ಸೋಕಿರಲಿಲ್ಲ. ಗಂಡನ ಮನೆ ಬಿಟ್ಟ ಹೆಂಗಸು ಮಾಸ್ತರರ ಮನೆಗೆ ಹೋಗಿ ಪಾಠ ಕೇಳುವುದಂತೂ ಆ ಊರಲ್ಲಿ ಆಗದ ಮಾತು. ಉಳಿದವಳು ನಾನು. ನಾನು ಶಾಲೆಯಲ್ಲಿ ಕೇಳಿ ಬಂದದ್ದನ್ನು ಮಧ್ಯಾಹ್ನ ಮನೆಗೆ ಬಂದು ಹೇಳಬೇಕು, ಅವಳು ಕುಟ್ಟುತ್ತಾ ಕೇಳಬೇಕು, ಕೈ ತೊಳೆದುಕೊಂಡು ಬರೆದುಕೊಳ್ಳಬೇಕು. ಎರಡು ವರ್ಷ ಹಾಗೇ ನಡೆಯಿತು. ಮೊದಲ ದಿನ ಹೇಳಿಕೊಟ್ಟ ಕ್ರಿಯಾಪದವೇ ಲರ್ನ್. ಲರ್ನ್, ಲರ್ನ್ಟ್, ಲರ್ನ್ಟ್ ಎಂದು ಒನಕೆಯ ಪೆಟ್ಟಿಗೆ ಒಂದೊಂದರಂತೆ ಅವಳು ಹೇಳಿದ್ದು ಈಗಲೂ ಕಿವಿಯಲ್ಲಿದೆ. ನನ್ನ ಪಠ್ಯಪುಸ್ತಕದ ಹಾಳೆಗಳಿಗೆಲ್ಲ ಅವಳ ಬೆರಳಿನ ಶೇಂಗಾ ಎಣ್ಣೆ ಹತ್ತಿ, ಆಚೆ ಬದಿಯ ಅಕ್ಷರ ಈಚೆಗೆ ಕಾಣುತ್ತಿತ್ತು.

ಹತ್ತನೆಯದಕ್ಕೆ ಬಂದಾಗ ಇಬ್ಬರದೂ ಒಂದೇ ಪರೀಕ್ಷೆ, ಒಂದೇ ವರ್ಷ. ಅಲ್ಲಿಂದ ನನ್ನ ಹೊಟ್ಟೆಯೊಳಗೆ ಕಿಚ್ಚು ಹೊತ್ತಿತು. ಮುಚ್ಚಿಟ್ಟು ಏನು ಮಾಡಲಿ? ನಾನು ಹೇಳಿಕೊಟ್ಟದ್ದು ನನಗಿಂತ ಚೆನ್ನಾಗಿ ಅವಳಿಗೆ ಬರುತ್ತಿತ್ತು. ಒಂದು ದಿನ ಅಪ್ಪ ಇಬ್ಬರನ್ನೂ ಕೂರಿಸಿ ಪಾಠ ಒಪ್ಪಿಸಲು ಹೇಳಿದ. ನಾನು ತಡವರಿಸಿದೆ, ಅವಳು ನೀರು ಕುಡಿದಂತೆ ಹೇಳಿದಳು. ಹೇಳಿಕೊಡುವವಳಿಗಿಂತ ಕೇಳುವವಳೇ ವಾಸಿ ಎಂದು ಅಪ್ಪ ನಕ್ಕ. ಅವ್ವನೂ ನಕ್ಕಳು. ಮರುದಿನ ಶಾಲೆಯಿಂದ ಬಂದು, ಇವತ್ತು ಮಾಸ್ತರರು ಬಂದಿರಲಿಲ್ಲ ಎಂದುಬಿಟ್ಟೆ. ಸುಳ್ಳು ಅಷ್ಟು ಸುಲಭವಾಗಿ ಬಂತು. ಮತ್ತೊಂದು ದಿನ ಮುಂದಿನ ಪಾಠ ತೋರಿಸಿ ಅವಳೇ ಕೇಳಿದಾಗ, ಅದು ಪರೀಕ್ಷೆಗೆ ಇಲ್ಲ, ಬಿಡಿಸಿದ್ದಾರೆ ಎಂದೆ. ಹೀಗೆ ನಾಲ್ಕು ಪಾಠ ಬಿಡಿಸಿದೆ. ಹೆಡ್‌ಮಾಸ್ತರರಿಗೆ ರಜೆಯ ಅರ್ಜಿ ಬರೆಯುವ ರೀತಿಯನ್ನೂ ಅವಳು ಕೇಳಿದರೂ ಹೇಳಿಕೊಡಲಿಲ್ಲ. ಅವಳು ನನ್ನ ಮುಖ ನೋಡಿ ಒನಕೆ ಎತ್ತಿಕೊಂಡಳು. ಒಂದು ಸಲವಾದರೂ ಬೈದಿದ್ದರೆ ನಾನು ಉಳಿಯುತ್ತಿದ್ದೆ.

ಪರೀಕ್ಷೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಆಳಂದಕ್ಕೆ ಹೋದೆವು, ಒಂದೇ ಬುತ್ತಿಗಂಟಿನ ರೊಟ್ಟಿ ತಿಂದೆವು. ಫಲಿತಾಂಶದ ದಿನ ಆಳಂದದ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಅಪ್ಪ ಕಟ್ಟೆಯ ಮೇಲೆ ಹರಡಿದ. ನನ್ನ ನಂಬರು ಸಿಕ್ಕಿತು. ಅವಳ ನಂಬರನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಮೂರು ಸಲ ಹುಡುಕಿದ. ಸುಗಲತ್ತಿ ಒಳಗಿಂದ ಸಕ್ಕರೆ ತಂದು ಮೊದಲು ನನ್ನ ಬಾಯಿಗೇ ಹಾಕಿದಳು. ಮುಂದೆ ಅಂಕಪಟ್ಟಿ ಬಂದಾಗ ಗೊತ್ತಾಯಿತು, ಅವಳು ಉಳಿದ ಎಲ್ಲದರಲ್ಲೂ ಪಾಸಾಗಿದ್ದಳು. ಹೋದದ್ದು ಇಂಗ್ಲಿಷ್ ಒಂದೇ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಲಿ ಎಂದು ಅಪ್ಪ ಅಂಗಲಾಚಿದ. ಮುತ್ಯಾ ಒಪ್ಪಲಿಲ್ಲ.

ಅವಳನ್ನು ಬಸ್ಸಿಗೆ ಹತ್ತಿಸಲು ನಾನೂ ಹೋಗಿದ್ದೆ. ಅದೇ ಟ್ರಂಕು, ಅದರ ಮೇಲೆ ಹಿಂಡಿಯ ಡಬ್ಬಿ. ಬಸ್ಸು ಬಂದು ನಿಂತ ಮೇಲೆ ನನ್ನ ಗದ್ದ ಹಿಡಿದು ಮೆಲ್ಲಗೆ ಹೇಳಿದಳು.

"ಶಶಿ, ನಾ ಕರಜಗಿಯಿಂದಾನೇ ಮತ್ತ ಪರೀಕ್ಷಾ ಕಟ್ಟತೀನಿ. ಉಳದ ಪಾಠ ಟಪಾಲಿನಾಗ ಬರದ ಕಳಸು ಮಗಳ. ನಾ ಕಾಯ್ತಿರ್ತೀನಿ."

ಉಳಿದ ಪಾಠ ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಹೂಂ ಎಂದೆ. ಕಳಿಸಲಿಲ್ಲ. ಕಳಿಸಿದರೆ ಮುಚ್ಚಿಟ್ಟದ್ದನ್ನು ಒಪ್ಪಿಕೊಂಡಂತೆ ಆಗುತ್ತದಲ್ಲ ಎಂದು ಹೆದರಿದೆ. ನಾಳೆ ಬರೆದರಾಯಿತು ಎಂದು ಒಂದು ವರ್ಷ ದೂಡಿದೆ, ಆಮೇಲೆ ಕಾಲೇಜು, ಹೊಸ ಗೆಳತಿಯರು, ಮರೆತೆ ಎಂದೇ ಇಟ್ಟುಕೊಳ್ಳಿ. ಹದಿನೇಳು ವರ್ಷದವಳಿಗೆ ಮರೆಯಲು ಏನು ಕಷ್ಟ.

ಮೂರನೆಯ ವರ್ಷದ ಮಳೆಗಾಲದಲ್ಲಿ ಕರಜಗಿಯಿಂದ ಆಳು ಬಂದ. ಸುಗಲತ್ತಿಗೆ ವಿಷಮಜ್ವರವಂತೆ. ಅಪ್ಪ ನನ್ನನ್ನೂ ಕರೆದುಕೊಂಡು ಹೊರಟ, ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳುತ್ತಿದ್ದವಳು ಕಿರಿಯವಳೊಬ್ಬಳೇ, ಇವಳ ಸವತಿ. ಕೊನೆಯ ತನಕ ನೀರು ಹನಿಸಿದವಳೂ ಅವಳೇ. ಜ್ವರದ ಸನ್ನಿಯಲ್ಲಿ ಅಕ್ಕ ಏನೇನೋ ಬಡಬಡಿಸುತ್ತಿದ್ದಳು, ನಮಗೆ ತಿಳಿಯದ ಭಾಷೆ ಎಂದಳು. ಒಂದು ಮಾತು ಮಾತ್ರ ಕನ್ನಡದ್ದು.

"ಹಿಪ್ಪರಗಾದಿಂದ ಟಪಾಲ ಬಂತೇನ ಅಂತ ಕೇಳಾಕತ್ತಿದ್ರು ನೋಡ್ರಿ. ಮೂರೂ ದಿನ ಅದೇ."

ಅಂಥ ಬಡಬಡಿಕೆಗೆ ಇಂಗ್ಲಿಷಿನಲ್ಲಿ ಡೆಲಿರಿಯಮ್ ಎನ್ನುತ್ತಾರೆ. ಅದನ್ನೂ ಆ ನಿಘಂಟಿನಲ್ಲಿ ನೋಡಿದೆ. ನೋಡಬಾರದಿತ್ತು. ಆ ಪದವೂ ಅದೇ ಬೇರಿನದು, ಗಳೆ ಹೊಡೆಯುವಾಗ, ಅಂದರೆ ನೇಗಿಲಿನಿಂದ ಉಳುವಾಗ, ಸಾಲು ಬಿಟ್ಟು ಆಚೆ ಹೋಗುವುದು ಎಂದು ಅದರ ಮೂಲದ ಅರ್ಥ. ಸುಡಲಿ ಆ ನಿಘಂಟು. ಸುಗಲತ್ತಿ ಸಾಯುವಾಗಲೂ ಸಾಲು ಬಿಟ್ಟವಳಲ್ಲ. ಬಿಟ್ಟವಳು ನಾನು.

ಟ್ರಂಕನ್ನು ಕಿರಿಯವಳು ನಮ್ಮ ಕೈಗೇ ಕೊಟ್ಟಳು. ಎರಡು ಸೀರೆಗಳ ಕೆಳಗೆ ಅವಳ ಇಂಗ್ಲಿಷ್ ನೋಟುಬುಕ್ಕಿತ್ತು. ಬಿಚ್ಚಿದರೆ ಇನ್ನೂ ಹಿಂಡಿಯ ವಾಸನೆ. ನಾನು ಹೇಳಿಕೊಟ್ಟ ಪಾಠಗಳೆಲ್ಲ ಗುಂಡಗಿನ ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದೆ. ನಡುನಡುವೆ ನಾನು ಬಿಡಿಸಿದ ನಾಲ್ಕು ಪಾಠಗಳ ಹೆಸರು, ಕೆಳಗೆ ಗೆರೆ, ಒಂದೊಂದಕ್ಕೂ ನಾಲ್ಕು ಪುಟ ಖಾಲಿ. ರಜೆಯ ಅರ್ಜಿಗೂ ಒಂದು ಪುಟ ಬಿಟ್ಟಿದ್ದಳು. ನಾನು ಸುಳ್ಳು ಹೇಳಿದ ಆಯಾ ದಿನವೇ ಬಿಟ್ಟಿದ್ದಳು. ಇವತ್ತಲ್ಲ ನಾಳೆ ಹುಡುಗಿ ಹೇಳಿಕೊಡುತ್ತಾಳೆ ಎಂದು.

ಆ ನಾಲ್ಕು ಪಾಠಗಳಂಥ ಪಾಠಗಳನ್ನು ನಾನು ಊರೂರಿನ ಮಕ್ಕಳಿಗೆ ಬಾಯಿ ನೋಯುವಷ್ಟು ಕಲಿಸಿದ್ದೇನೆ. ಒಳ್ಳೆಯ ಟೀಚರು ಎಂದು ಹೆಸರೂ ಬಂತು. ನಿವೃತ್ತಿಯ ಆ ದಿನ ನಿಘಂಟು ಮುಚ್ಚಿಟ್ಟು ಆ ನೋಟುಬುಕ್ಕನ್ನು ಹೊರತೆಗೆದೆ, ಮೊದಲ ಖಾಲಿ ಪುಟದ ಮುಂದೆ ಪೆನ್ನು ಹಿಡಿದು ಕೂತೆ. ಪಾಠ ಬಾಯಿಪಾಠವಿತ್ತು. ಒಂದು ಸಾಲೂ ಬರೆಯಲಾಗಲಿಲ್ಲ. ಓದುವವಳು ಎಲ್ಲಿದ್ದಾಳೆ? ನೋಟುಬುಕ್ಕನ್ನು ಮತ್ತೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಪುಟಗಳು ಅವಳು ಬಿಟ್ಟ ಹಾಗೆಯೇ ಇವೆ.